ಸೋಂಕಿನ ಕಾಲದಲ್ಲಿ ವಾಕಿಂಗ್–ರನ್ನಿಂಗ್ ಗುಂಪು ಚದುರದಂತೆ ನಡೆಸುವುದು: ಬಳ್ಳಾರಿಯಿಂದ ಒಂದು ಮಾರ್ಗದರ್ಶಿ

ಬಳ್ಳಾರಿಯಲ್ಲಿ ಬೆಳಗಿನ ಐದಕ್ಕೆ ಎದ್ದು ನಡೆಯುವವರಿಗೆ ಕೊರತೆಯಿಲ್ಲ. ಮುನ್ಸಿಪಲ್ ಮೈದಾನ, ಜಿಲ್ಲಾ ಕ್ರೀಡಾಂಗಣ, ಕೋಟೆ ಗುಡ್ಡದ ಬುಡ, ಕಂಟೋನ್ಮೆಂಟ್ ಕಡೆಯ ರಸ್ತೆಗಳು, ಎಲ್ಲಿ ನೋಡಿದರೂ ನಾಲ್ಕೈದು ಜನರ ಗುಂಪು. ಹೆಚ್ಚಿನವಕ್ಕೆ ನೋಂದಣಿ ಇಲ್ಲ, ಬೋರ್ಡಿಲ್ಲ. ಒಂದು ವಾಟ್ಸಾಪ್ ಗ್ರೂಪು, ಎಲ್ಲರನ್ನೂ ಎಬ್ಬಿಸುವ ಒಬ್ಬ ಹಟಮಾರಿ, ಮುಗಿದ ಮೇಲೆ ಕೂರಲು ಒಂದು ಚಹಾ ಅಂಗಡಿ ಇದ್ದರೆ ಅದೇ ಕ್ಲಬ್ಬು. ಕೋವಿಡ್ ಬಂದು 2020ರ ಮಾರ್ಚ್ 22ರಂದು ಜನತಾ ಕರ್ಫ್ಯೂ, 25ರಿಂದ ದೇಶಕ್ಕೇ ಬೀಗ. ಆಗ ನಿಂತ ಗುಂಪುಗಳಲ್ಲಿ ಎಷ್ಟೋ ಮತ್ತೆ ಕೂಡಲೇ ಇಲ್ಲ. ಕೆಲವು ಕೂಡಿದವು.

ಕೂಡಿದವುಗಳಲ್ಲಿ ನಾನು ಕಂಡದ್ದು ಒಂದೇ ಸಮಾನ ಗುಣ. ಅಲ್ಲಿ ಓಟ ನಿಂತಿತ್ತು, ಆದರೆ ಹಾಜರಿ ನಿಂತಿರಲಿಲ್ಲ. ಯಾರು ಎದ್ದರು, ಯಾರು ಮಲಗಿದ್ದಾರೆ, ಯಾರಿಗೆ ಜ್ವರ ಅಂತ ದಿನಾ ಯಾರಾದರೂ ಕೇಳುತ್ತಿದ್ದರು. ಎರಡು ತಿಂಗಳು ಓಡದಿದ್ದರೆ ಕಾಲು ಮತ್ತೆ ದಾರಿಗೆ ಬರುತ್ತದೆ. ಎರಡು ತಿಂಗಳು ಯಾರೂ ಕೇಳದಿದ್ದರೆ ಮನುಷ್ಯ ಬರುವುದಿಲ್ಲ. ಕೆಳಗಿನ ಎಲ್ಲ ಹಂತವೂ ಈ ಹಾಜರಿಯ ಸುತ್ತಲೇ ಇದೆ. ಮುಂದೆ ಇಂಥದ್ದೇ ಇನ್ನೊಂದು ಸೋಂಕು ಬಂದಾಗ, ಅಥವಾ ಡೆಂಗಿ ಜೋರಾಗಿ ಅರ್ಧ ಗುಂಪು ಮಲಗಿದಾಗಲೂ ಇದು ಕೆಲಸಕ್ಕೆ ಬರುತ್ತದೆ.

ಮೊದಲ ಹಂತ: ಪಟ್ಟಿ

ಎಲ್ಲರೂ ಚೆನ್ನಾಗಿರುವಾಗಲೇ ಪಟ್ಟಿ ಮಾಡಿ. ಹೆಸರು, ವಯಸ್ಸು, ಮನೆ ಯಾವ ಏರಿಯಾ, ಮನೆಯಲ್ಲಿ ಯಾರ್‍ಯಾರಿದ್ದಾರೆ, ಬಿಪಿ–ಶುಗರ್–ಆಸ್ತಮಾ ಇದೆಯಾ, ಹಾರ್ಟಿಗೆ ಸ್ಟೆಂಟ್ ಹಾಕಿದ್ದಾರಾ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು. ಬೇಕಾದದ್ದು ಇಷ್ಟೇ.

ಫೋನ್ ನಂಬರಿನ ವಿಷಯದಲ್ಲಿ ಸ್ವಲ್ಪ ಕೆದಕಿ ಕೇಳಬೇಕು. ಎಷ್ಟೋ ಹಿರಿಯರು ಗ್ರೂಪಿನಲ್ಲಿ ಇರುತ್ತಾರೆ, ಆದರೆ ಆ ನಂಬರು ಮಗನದ್ದು. ಮಗ ಡ್ಯೂಟಿಗೆ ತೋರಣಗಲ್ಲಿಗೆ ಹೋದರೆ ಫೋನೂ ಹೋಯಿತು. ನೀವು ಕಳಿಸಿದ ಮೆಸೇಜು ರಾತ್ರಿ ಎಂಟರವರೆಗೆ ಅಪ್ಪನಿಗೆ ತಲುಪುವುದಿಲ್ಲ. ಅಂಥವರ ಹೆಸರಿನ ಮುಂದೆ ಕೀಪ್ಯಾಡ್ ಫೋನಿನ ನಂಬರನ್ನೋ, ಪಕ್ಕದ ಮನೆಯವರದ್ದನ್ನೋ ಬರೆದುಕೊಳ್ಳಿ.

ಇನ್ನೊಂದು ನಮ್ಮೂರಿನ ವಿಷಯ. ಒಂದೇ ಗುಂಪಿನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಇರುತ್ತವೆ. ಮಾತಿಗೆ ತೊಂದರೆಯಿಲ್ಲ, ಓದಲು ಎಲ್ಲರಿಗೂ ಕನ್ನಡ ಬರುವುದಿಲ್ಲ. ಕೌಲ್ ಬಜಾರಿನ ನಮ್ಮ ಒಬ್ಬ ಸದಸ್ಯರು ಬರೆದ ಮೆಸೇಜನ್ನು ಯಾವತ್ತೂ ತೆರೆಯುತ್ತಿರಲಿಲ್ಲ, ವಾಯ್ಸ್ ಮೆಸೇಜಾದರೆ ಎರಡು ಸಲ ಕೇಳುತ್ತಿದ್ದರು. ಮುಖ್ಯ ಸೂಚನೆಗಳನ್ನು ಬರೆದೂ ಕಳಿಸಿ, ಹೇಳಿಯೂ ಕಳಿಸಿ.

ಪಟ್ಟಿ ಇಬ್ಬರ ಹತ್ತಿರ ಮಾತ್ರ ಇರಲಿ. ಯಾರಿಗೆ ಶುಗರ್ ಇದೆ ಅನ್ನುವುದು ಗ್ರೂಪಿನಲ್ಲಿ ಹಂಚುವ ವಿಷಯವಲ್ಲ. ಪಟ್ಟಿಯನ್ನು ಕಾಗದದ ಮೇಲೂ ಇಡಿ. ಪಟ್ಟಿ ಇಟ್ಟವರೇ ಆಸ್ಪತ್ರೆ ಸೇರಿ ಅವರ ಫೋನ್ ಲಾಕ್ ಆಗಿದ್ದರೆ ಏನು ಮಾಡುತ್ತೀರಿ?

ಎರಡನೇ ಹಂತ: ಆದೇಶ ಓದುವುದು

ಲಾಕ್‌ಡೌನ್ ಕಾಲದಲ್ಲಿ ಅತಿ ಹೆಚ್ಚು ಜಗಳ ನಡೆದದ್ದು "ವಾಕಿಂಗ್‌ಗೆ ಬಿಟ್ಟಿದ್ದಾರಂತೆ" ಅನ್ನುವ ಮಾತಿನ ಮೇಲೆ. ಅಂತೆ ಕಂತೆ ಬಿಟ್ಟು ಮೂರು ಕಡೆ ನೋಡಬೇಕು. ಮೊದಲು ರಾಜ್ಯದ ಆದೇಶ. ನಂತರ ಡಿಸಿ ಆದೇಶ, ಯಾಕೆಂದರೆ ಅದು ರಾಜ್ಯದ್ದಕ್ಕಿಂತ ಬಿಗಿಯಾಗಿರಬಹುದು. ಮೂರನೆಯದು ನಿಮ್ಮ ವಾರ್ಡು. ಬೀದಿಯನ್ನು ಕಂಟೈನ್‌ಮೆಂಟ್ ಮಾಡಿ ಕಟ್ಟಿಗೆ ಕಟ್ಟಿದ್ದರೆ ಮೇಲಿನ ಎರಡರಲ್ಲಿ ಏನು ಬರೆದಿದ್ದರೂ ಪ್ರಯೋಜನವಿಲ್ಲ. ಗುಂಪಿನಲ್ಲಿ ಒಬ್ಬರಿಗೆ ಈ ಕೆಲಸ ವಹಿಸಿ. ಅವರು ಆದೇಶದ ಪ್ರತಿ ಓದಿ ಮೂರು ಸಾಲಿನಲ್ಲಿ ಹೇಳಲಿ: ಎಷ್ಟು ಗಂಟೆಯಿಂದ ಎಷ್ಟರವರೆಗೆ, ಎಲ್ಲಿ, ಎಷ್ಟು ಜನ. ಟಿವಿ ಸ್ಕ್ರೋಲಿನ ಫೋಟೋ ಯಾರೂ ಹಾಕಬಾರದು.

ಹಳೆಯ ಆದೇಶಗಳನ್ನು ನೆನಪಿಸಿಕೊಂಡರೆ ಮುಂದಿನದ್ದಕ್ಕೆ ಅಂದಾಜು ಸಿಗುತ್ತದೆ. 2020ರ ಮೇ 19ರಿಂದ ಪಾರ್ಕುಗಳನ್ನು ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7 ತೆರೆದರು. 2021ರಲ್ಲಿ ಏಪ್ರಿಲ್ 27ರ ರಾತ್ರಿಯಿಂದ ಶುರುವಾದ ಬಿಗಿ ಜೂನ್ 14ಕ್ಕೆ ನಮ್ಮಲ್ಲಿ ಸಡಿಲವಾದಾಗ ಪಾರ್ಕಿಗೆ ಬೆಳಿಗ್ಗೆ 5ರಿಂದ 10ರವರೆಗೆ ಬಿಟ್ಟರು, ಅದೂ ನಡೆಯಲು ಮತ್ತು ಓಡಲು ಮಾತ್ರ. 2021ರ ಡಿಸೆಂಬರ್ 28ರಿಂದ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಕರ್ಫ್ಯೂ. 2022ರ ಜನವರಿಯಲ್ಲಿ ಕೆಲ ವಾರ ಶುಕ್ರವಾರ ರಾತ್ರಿಯಿಂದ ಸೋಮವಾರ ಬೆಳಿಗ್ಗೆವರೆಗೆ ವಾರಾಂತ್ಯದ ಕರ್ಫ್ಯೂ. ಅಂದರೆ ಭಾನುವಾರದ ಉದ್ದ ಓಟ ಹೋಯಿತು.

ಇಲ್ಲಿ ಬಳ್ಳಾರಿಯವರು ಸ್ವಲ್ಪ ತಲೆ ಓಡಿಸಬೇಕು. ಬೆಳಿಗ್ಗೆ 7ರಿಂದ 9 ಅನ್ನುವುದು ಬೆಂಗಳೂರಿಗೆ ಒಳ್ಳೆಯ ಸಮಯ. ಮೇ ತಿಂಗಳಲ್ಲಿ ನಮ್ಮಲ್ಲಿ ಆರಕ್ಕೆ ಮೊದಲೇ ಬಿಸಿಲು, ಎಂಟಕ್ಕೆ ಕಣ್ಣು ಬಿಡಲಾಗುವುದಿಲ್ಲ, ಮಧ್ಯಾಹ್ನ 40 ಡಿಗ್ರಿ ದಾಟುವುದು ಮಾಮೂಲು. ಹಾಗಾದರೆ ಸಂಜೆ ಹೋಗೋಣ ಅಂದರೆ ಗುಡ್ಡಗಳ ಕಾಟ. ಕೋಟೆ ಗುಡ್ಡವೂ ಕುಂಬಾರ ಗುಡ್ಡವೂ ಬೋಳು ಕಲ್ಲು, ದಿನವಿಡೀ ಕುಡಿದ ಶಾಖವನ್ನು ಸಂಜೆ ಐದಕ್ಕೆ ಕಾರಲು ಶುರು ಮಾಡುತ್ತವೆ. ಅವುಗಳ ಬುಡದಲ್ಲಿ ನಡೆದರೆ ಕಾವಲಿ ಪಕ್ಕ ನಿಂತಂತೆ. ಆದ್ದರಿಂದ ಅಂಥ ಸಮಯ ಕೊಟ್ಟಾಗ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಶುರು ಮಾಡಿ, ಮುಕ್ಕಾಲು ಗಂಟೆಗೆ ಮುಗಿಸಿ. ಸಂಜೆಯಾದರೆ ಆರಕ್ಕೆ ಮೊದಲು ಬೇಡ, ಗುಡ್ಡದಿಂದ ದೂರದ ಬಯಲಲ್ಲಿ ನಡೆಯಿರಿ. ಓಟವನ್ನು ಆ ತಿಂಗಳ ಮಟ್ಟಿಗೆ ಮರೆತರೂ ಸರಿಯೇ. ಬಿಸಿಲಿಗೆ ಬಿದ್ದವರನ್ನು ಸೇರಿಸಿಕೊಳ್ಳಲು ಆಸ್ಪತ್ರೆಯಲ್ಲಿ ಆಗ ಹಾಸಿಗೆ ಇರುವುದಿಲ್ಲ.

ಗಡಿಯ ವಿಷಯವನ್ನೂ ಮರೆಯಬೇಡಿ. ಆಂಧ್ರದ ಕಡೆಯಿಂದ ಬಂದು ನಮ್ಮೊಂದಿಗೆ ಓಡುವವರಿಗೆ ಎರಡು ರಾಜ್ಯದ ಆದೇಶ ಅನ್ವಯಿಸುತ್ತದೆ. ಹಂಪಿ ಈಗ ವಿಜಯನಗರ ಜಿಲ್ಲೆ. ಮೊದಲು ಜಿಲ್ಲೆಯೊಳಗಿನ ಓಡಾಟ ಅನ್ನಿಸಿಕೊಂಡದ್ದು ಈಗ ಜಿಲ್ಲೆ ದಾಟಿದಂತೆ. ಜಿಲ್ಲೆಯಿಂದ ಜಿಲ್ಲೆಗೆ ಓಡಾಟ ನಿಲ್ಲಿಸಿದಾಗ ಹಂಪಿ ಓಟದ ಆಸೆ ಬಿಡಬೇಕು.

ಮೂರನೇ ಹಂತ: ಇಳಿಯುವುದು ತಕ್ಷಣ, ಏರುವುದು ನಿಧಾನ

ಗುಂಪಿಗೆ ಐದು ಮೆಟ್ಟಿಲು ಮಾಡಿಕೊಳ್ಳಿ. ಎಲ್ಲರೂ ಮನೆಯಲ್ಲೇ. ಒಬ್ಬೊಬ್ಬರೇ ಹೊರಗೆ. ಇಬ್ಬಿಬ್ಬರ ಜೋಡಿ. ನಾಲ್ಕೈದು ಜನರ ಬ್ಯಾಚು. ಪೂರ್ತಿ ಗುಂಪು. ಪರಿಸ್ಥಿತಿ ಕೆಟ್ಟರೆ ಅವತ್ತೇ ಇಳಿಯಿರಿ, ಎಷ್ಟು ಮೆಟ್ಟಿಲು ಬೇಕಾದರೂ. ಏರುವಾಗ ಮಾತ್ರ ಒಂದೊಂದೇ ಮೆಟ್ಟಿಲು, ನಡುವೆ ಎರಡು ವಾರ. ಕೋವಿಡ್‌ನಲ್ಲಿ ಸೋಂಕು ತಗುಲಿ ಲಕ್ಷಣ ಕಾಣಿಸಲು 14 ದಿನದವರೆಗೆ ಹಿಡಿಯಬಹುದಿತ್ತು. ಈ ವಾರ ಸೇರಿ, ಯಾರಿಗೂ ಏನೂ ಆಗಲಿಲ್ಲ ಅಂತ ಮುಂದಿನ ವಾರ ಇಪ್ಪತ್ತು ಜನ ಸೇರಿದರೆ, ಮೊದಲ ವಾರದ ಫಲಿತಾಂಶ ಇನ್ನೂ ಬಂದಿಲ್ಲ ಅಂತಲೇ ಅರ್ಥ. ಬೇರೆ ಸೋಂಕಾದರೆ ಈ ಅಂತರವನ್ನು ಡಾಕ್ಟರನ್ನು ಕೇಳಿ ಬದಲಾಯಿಸಿಕೊಳ್ಳಿ.

ಯಾವ ಮೆಟ್ಟಿಲಲ್ಲಿ ಇರಬೇಕು ಅಂತ ಗ್ರೂಪಿನಲ್ಲಿ ಮತಕ್ಕೆ ಹಾಕಬೇಡಿ. ಮೂವರು ಕೂತು ನಿರ್ಧರಿಸಲಿ, ಅದರಲ್ಲಿ ಒಬ್ಬರು ಅರವತ್ತು ದಾಟಿದವರು ಇರಲಿ, ಒಬ್ಬರು ಮಹಿಳೆ ಇರಲಿ. ಮನೆಯಲ್ಲಿ ವಯಸ್ಸಾದ ಅತ್ತೆ ಮಾವ, ಸಣ್ಣ ಮಕ್ಕಳು ಇರುವವರ ಲೆಕ್ಕಾಚಾರ ಇಪ್ಪತ್ತೈದರ ಹುಡುಗನಿಗೆ ಹೊಳೆಯುವುದಿಲ್ಲ.

ನಾಲ್ಕನೇ ಹಂತ: ಮಾಳಿಗೆಯ ಮೇಲೆ ಕಿಲೋಮೀಟರು

ಪೂರ್ತಿ ಬಂದ್ ಇದ್ದಾಗ ಮಾಳಿಗೆಯೇ ಮೈದಾನ. ಲೆಕ್ಕ ಸುಲಭ. ನಿಮ್ಮ ಮಾಳಿಗೆ 10 ಮೀಟರ್ ಉದ್ದ, 6 ಮೀಟರ್ ಅಗಲ ಅಂದುಕೊಳ್ಳಿ. ಅಂಚಿನಿಂದ ಒಂದೊಂದು ಮೀಟರ್ ಒಳಗೆ ನಡೆದರೆ ಒಂದು ಸುತ್ತಿಗೆ 24 ಮೀಟರ್. 42 ಸುತ್ತು ಹಾಕಿದರೆ ಒಂದು ಕಿಲೋಮೀಟರು ಮತ್ತು ಸ್ವಲ್ಪ ಜಾಸ್ತಿ. ಸುತ್ತು ಎಣಿಸಲು ಹುಣಸೆ ಬೀಜ ಜೇಬಿಗೆ ಹಾಕಿಕೊಳ್ಳಿ: ಹತ್ತು ಸುತ್ತಿಗೆ ಒಂದು ಬೀಜ ಆ ಜೇಬಿನಿಂದ ಈ ಜೇಬಿಗೆ. ಕೈಗಡಿಯಾರದ ಜಿಪಿಎಸ್ ಇಷ್ಟು ಸಣ್ಣ ಜಾಗದಲ್ಲಿ ಸುಳ್ಳು ಹೇಳುತ್ತದೆ. ಅದನ್ನು ನಂಬಿ ದಾಖಲೆ ಮುರಿದೆ ಅಂತ ಹಾಕಬೇಡಿ, ನಗುತ್ತಾರೆ.

ಹತ್ತು ನಿಮಿಷಕ್ಕೊಮ್ಮೆ ದಿಕ್ಕು ಬದಲಿಸಿ. ಸದಾ ಎಡಕ್ಕೇ ತಿರುಗಿದರೆ ಒಂದೇ ಮಂಡಿ, ಒಂದೇ ಸೊಂಟಕ್ಕೆ ಭಾರ. ಎಂಟರ ಆಕಾರದಲ್ಲಿ ನಡೆದರೆ ಇನ್ನೂ ಒಳ್ಳೆಯದು. ಓಡುವುದು ಬೇಡ: ಸಿಮೆಂಟು ಗಟ್ಟಿ, ತಿರುವು ಬಿಗಿ, ಕೆಳಗಿನ ಮನೆಯವರಿಗೆ ನಿದ್ದೆ. ಚಪ್ಪಲಿಯಲ್ಲಿ ಅಲ್ಲ, ಶೂ ಹಾಕಿಕೊಂಡೇ ನಡೆಯಿರಿ. ನೀರಿನ ಟ್ಯಾಂಕಿನ ಪೈಪು, ಬಟ್ಟೆ ಒಣಗಿಸುವ ತಂತಿ, ಕೇಬಲ್ಲು ಎಲ್ಲಿವೆ ಅಂತ ಬೆಳಕಿದ್ದಾಗಲೇ ನೋಡಿಕೊಳ್ಳಿ. ಹಳೆಯ ಮನೆಗಳ ಮಾಳಿಗೆಯ ಅಂಚಿನ ಗೋಡೆ ಮಂಡಿಯವರೆಗೂ ಇರುವುದಿಲ್ಲ. ಅಂಥ ಕಡೆ ಕತ್ತಲಲ್ಲಿ ಹತ್ತಬೇಡಿ.

ಮಾಳಿಗೆ ಇಲ್ಲದವರು? ಬಾಡಿಗೆ ಮನೆಯಲ್ಲಿ ಮಾಳಿಗೆಯ ಬೀಗ ಓನರ್ ಹತ್ತಿರ ಇರುತ್ತದೆ. ಅಂಥವರು ಹಜಾರದಲ್ಲೇ ನಿಂತಲ್ಲೇ ನಡೆಯಬಹುದು, ಕುರ್ಚಿಯಿಂದ ಎದ್ದು ಕೂರಬಹುದು, ಹಿಮ್ಮಡಿ ಎತ್ತಿ ಇಳಿಸಬಹುದು. ಕುರ್ಚಿಯಿಂದ ಕೈ ಊರದೆ ನಿಧಾನಕ್ಕೆ ಹದಿನೈದು ಸಲ, ಮೂರು ಸರದಿ. ತೊಡೆಗೆ ಇದಕ್ಕಿಂತ ಒಳ್ಳೆಯ ಕೆಲಸ ಮನೆಯೊಳಗೆ ಸಿಗುವುದಿಲ್ಲ.

ಐದನೇ ಹಂತ: ಹಾಜರಿ

ಇದೇ ಇಡೀ ವ್ಯವಸ್ಥೆಯ ಬೆನ್ನು. ಬೆಳಿಗ್ಗೆ ಎಂಟರೊಳಗೆ ಪ್ರತಿಯೊಬ್ಬರೂ ಮೂರರಲ್ಲಿ ಒಂದು ಮಾತು ಕಳಿಸಬೇಕು: "ಆಯ್ತು", "ಇವತ್ತಿಲ್ಲ", "ಹುಷಾರಿಲ್ಲ". ಅಷ್ಟೇ. ಕಿಲೋಮೀಟರು ಬೇಡ, ವೇಗ ಬೇಡ, ಬೆವರಿದ ಮುಖದ ಫೋಟೋ ಬೇಡ.

ಕಿಲೋಮೀಟರು ಯಾಕೆ ಬೇಡ ಅಂದರೆ, ಹಾಕಿದ ಮೂರನೇ ದಿನಕ್ಕೆ ಅದು ಸ್ಪರ್ಧೆಯಾಗುತ್ತದೆ. ಜ್ವರ ಬಂದವನೂ ಹೆಜ್ಜೆ ಎಣಿಕೆ ಕಡಿಮೆಯಾಗಬಾರದು ಅಂತ ಎದ್ದು ನಡೆಯುತ್ತಾನೆ. ಸವಾಲು ಇಡಲೇಬೇಕು ಅಂದರೆ "ಸತತ ಎಷ್ಟು ದಿನ ಹಾಜರಿ ಹೇಳಿದಿರಿ" ಅನ್ನುವುದಕ್ಕೆ ಇಡಿ. ಅದರಲ್ಲಿ "ಹುಷಾರಿಲ್ಲ" ಅನ್ನುವುದಕ್ಕೂ ಪೂರ್ತಿ ಅಂಕ.

ಪ್ರತಿಯೊಬ್ಬರಿಗೂ ಒಂದು ಜೋಡಿ ಹಾಕಿ. ಎಂಟಕ್ಕೆ ಮಾತು ಬಾರದಿದ್ದರೆ ಜೋಡಿಯವರು ಒಂಬತ್ತರೊಳಗೆ ಫೋನ್ ಮಾಡಬೇಕು. ಗ್ರೂಪಿನಲ್ಲಿ ಹೆಸರು ಹಿಡಿದು ಕೇಳುವುದು ಬೇಡ, ನೇರ ಫೋನು. "ಯಾಕ್ರೀ ಅಣ್ಣಾ, ಇವತ್ತು ಸುದ್ದೀನೇ ಇಲ್ಲ?" ಅಂದರೆ ಸಾಕು. ಒಬ್ಬರು ಓಡುವವರು, ಒಬ್ಬರು ನಡೆಯುವವರು ಹೀಗೆ ಜೋಡಿ ಮಾಡುವುದು ಒಳ್ಳೆಯದು. ಇಲ್ಲದಿದ್ದರೆ ಓಡುವವರು ಒಂದು ಜಾತಿ, ನಡೆಯುವವರು ಇನ್ನೊಂದು ಜಾತಿ ಆಗಿಬಿಡುತ್ತಾರೆ. ಮನೆ ಹತ್ತಿರ ಇರುವವರನ್ನು ಜೋಡಿ ಮಾಡಿದರೆ ಬಾಗಿಲಿಗೆ ಹೋಗಿ ನೋಡಲೂ ಆಗುತ್ತದೆ. ಪಾರ್ವತಿನಗರದವರಿಗೆ ಕೌಲ್ ಬಜಾರಿನ ಜೋಡಿ ಕೊಟ್ಟರೆ ಬಂದ್ ದಿನ ಇಬ್ಬರೂ ಫೋನಿಗೇ ಸೀಮಿತ.

ಹೆಂಗಸರ ಹಾಜರಿ ಲಾಕ್‌ಡೌನ್‌ನಲ್ಲಿ ಮೊದಲು ಕುಸಿಯುತ್ತದೆ, ಗಮನಿಸಿ. ಗಂಡ ಮಕ್ಕಳು ಎಲ್ಲ ಮನೆಯಲ್ಲೇ ಇದ್ದರೆ ದಿನಕ್ಕೆ ನಾಲ್ಕು ಸಲ ಅಡುಗೆ, ಬೆಳಗಿನ ಆ ಒಂದು ಗಂಟೆ ಮಾಯ. ಅವರಿಗೆ ಬೆಳಿಗ್ಗೆ ಎಂಟರ ಗಡುವು ಬೇಡ. ಮಧ್ಯಾಹ್ನ ಮೂರಕ್ಕೋ ರಾತ್ರಿ ಪಾತ್ರೆ ತೊಳೆದ ಮೇಲೋ ಯಾವಾಗ ಬಿಡುವೋ ಆವಾಗಿನದ್ದೇ ಹಾಜರಿ.

ಗ್ರೂಪಿನಲ್ಲಿ ಔಷಧದ ಫಾರ್ವರ್ಡ್‌ಗಳಿಗೆ ಪೂರ್ತಿ ನಿಷೇಧ ಹಾಕಿ. ಕಷಾಯ, ಹಬೆ, ಮೂಗಿಗೆ ನಿಂಬೆರಸ, ಯಾವುದೂ ಬೇಡ. ಹಾಕಿದವರು ಎಷ್ಟೇ ದೊಡ್ಡವರಾದರೂ ಅಡ್ಮಿನ್ ಅಳಿಸಬೇಕು. ಇದಕ್ಕೆ ಅಡ್ಮಿನ್ ಆಗಿ ಸಂಕೋಚದ ಮನುಷ್ಯ ಇರಬಾರದು.

ಆರನೇ ಹಂತ: ಹೊರಗೆ ಕಾಲಿಟ್ಟಾಗ

ಜೋಡಿಯಾಗಿ ಅಥವಾ ಬ್ಯಾಚಾಗಿ ಹೊರಗೆ ಹೋಗುವ ಕಾಲ ಬಂದಾಗ ಮೊದಲು ಜಾಗ ಆರಿಸಿ. ಕೋಟೆಯ ಮೆಟ್ಟಿಲು ಬೇಡ. ಆ ಗುಡ್ಡ ನಮಗೆಲ್ಲ ಪ್ರೀತಿಯ ಜಾಗ. ಮೇಲಿನ ಕೋಟೆ ಹನುಮಪ್ಪ ನಾಯಕನದ್ದು, ಕೆಳಗಿನದ್ದು ಹೈದರಾಲಿ ಕಟ್ಟಿಸಿದ್ದು, ಮೇಲೆ ನಿಂತರೆ ಊರೆಲ್ಲ ಕಾಣುತ್ತದೆ. ಆದರೆ ಹತ್ತುವವರು ಇಳಿಯುವವರು ಒಂದೇ ದಾರಿಯಲ್ಲಿ, ಎದುರು ಬದುರು, ಏದುಸಿರು ಬಿಡುತ್ತ. ಸೋಂಕು ಹರಡಲು ಹೇಳಿ ಮಾಡಿಸಿದ ಜಾಗ. ಅಗಲವಾದ ಮೈದಾನವೇ ಸರಿ.

ಮೈದಾನದಲ್ಲಿ ಎಲ್ಲರೂ ಒಂದೇ ದಿಕ್ಕಿನಲ್ಲಿ ಸುತ್ತಬೇಕು. ಇದೊಂದನ್ನು ಜಾರಿ ಮಾಡಿದರೆ ಮುಖಾಮುಖಿ ಉಸಿರಾಡುವುದು ತಪ್ಪುತ್ತದೆ. ಬ್ಯಾಚುಗಳು ಐದೈದು ನಿಮಿಷ ಬಿಟ್ಟು ಶುರು ಮಾಡಲಿ. ಓಡುವವರು ಮುಂದಿನವರ ಬೆನ್ನಿಗೆ ಅಂಟಿಕೊಳ್ಳುವ ಅಭ್ಯಾಸ ಬಿಡಬೇಕು. ಜೋರಾಗಿ ಉಸಿರಾಡುವವರ ಹಿಂದೆ ಅವರ ಉಸಿರೇ ಬರುತ್ತದೆ. ನಡೆಯುವವರನ್ನು ದಾಟುವಾಗ ಅಗಲವಾಗಿ ಸುತ್ತಿ ದಾಟಿ. ಉಗುಳುವುದು ಬಂದ್, ಇದಕ್ಕೆ ವಿನಾಯಿತಿ ಇಲ್ಲ.

ಮಾಸ್ಕಿನ ಬಗ್ಗೆ ತಲೆಗೊಂದು ಮಾತು ಕೇಳುತ್ತೀರಿ. ಜೋರಾಗಿ ವ್ಯಾಯಾಮ ಮಾಡುವಾಗ ಮಾಸ್ಕ್ ಹಾಕಬೇಡಿ, ಬದಲಿಗೆ ದೂರ ಇರಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2020ರಲ್ಲಿ ಹೇಳಿತ್ತು. ಬೆವರಿಗೆ ಒದ್ದೆಯಾದ ಬಟ್ಟೆಯಲ್ಲಿ ಉಸಿರು ಕಟ್ಟುತ್ತದೆ. ಹಾಗಾಗಿ ಒಂಟಿಯಾಗಿ ಓಡುವಾಗ ಜೇಬಿನಲ್ಲಿ, ಪಕ್ಕದಲ್ಲಿ ಯಾರಾದರೂ ನಡೆಯುತ್ತಿದ್ದರೆ ಅಥವಾ ನಿಂತು ಮಾತಾಡುವಾಗ ಮುಖದ ಮೇಲೆ. ಆದೇಶದಲ್ಲಿ ಕಡ್ಡಾಯ ಅಂದಿದ್ದರೆ ನಡೆಯಿರಿ, ಓಡಬೇಡಿ. ಒಣಗಿದ ಇನ್ನೊಂದು ಮಾಸ್ಕ್ ಜೊತೆಗಿರಲಿ.

ಹೊಸಪೇಟೆ ರಸ್ತೆಯಂಥ ಲಾರಿ ಓಡಾಡುವ ದಾರಿ ಯಾವ ಕಾಲಕ್ಕೂ ಬೇಡ. ರೋಗದಿಂದ ಎದ್ದ ಎದೆಗೆ ಅದಿರಿನ ಧೂಳು ಕುಡಿಸುವುದು ಯಾವ ನ್ಯಾಯ?

ಈಗ ನಿಜವಾದ ಅಪಾಯಕ್ಕೆ ಬರೋಣ. ಬಯಲಲ್ಲಿ ಮುಕ್ಕಾಲು ಗಂಟೆ ದೂರ ದೂರ ನಡೆದವರಿಂದ ಅಷ್ಟು ಭಯವಿಲ್ಲ. ಭಯ ಇರುವುದು ಆಮೇಲಿನ ಇಪ್ಪತ್ತು ನಿಮಿಷದಲ್ಲಿ. ಚಹಾ ಅಂಗಡಿಯ ಮುಂದೆ ಒಂದೇ ಬೆಂಚು, ಮಾಸ್ಕು ಗದ್ದಕ್ಕೆ, ಒಂದೇ ತಟ್ಟೆಯ ಮಂಡಾಳು (ಮಂಡಕ್ಕಿ) ಒಗ್ಗರಣೆಗೆ ಆರು ಕೈ, ನಡುವೆ ಮಿರ್ಚಿ ಹಂಚಿಕೆ, ಜೋರು ರಾಜಕೀಯ, ಅದಕ್ಕಿಂತ ಜೋರು ನಗು. ಶಿಸ್ತಿನಿಂದ ಓಡಿದ ಗುಂಪೂ ಇಲ್ಲಿ ಸೋಲುತ್ತದೆ. ಸಂಡೂರಿನ ಕಡೆ ಗುಡ್ಡ ಹತ್ತಲು ಒಂದೇ ಕಾರಿನಲ್ಲಿ ಗಾಜು ಏರಿಸಿಕೊಂಡು ಐದು ಜನ ಹೋಗುವುದೂ ಇದೇ ಲೆಕ್ಕ. ಅಲ್ಲಿ ಬೆಟ್ಟದ ಗಾಳಿ ಎಷ್ಟು ಶುದ್ಧ ಅನ್ನುವುದಕ್ಕಿಂತ ಬರುವ ಹೋಗುವ ದಾರಿಯಲ್ಲಿ ಯಾರ ಉಸಿರು ಕುಡಿದಿರಿ ಅನ್ನುವುದು ಮುಖ್ಯ. ಪಾರ್ಕಿನಲ್ಲಿ ವೃತ್ತವಾಗಿ ನಿಂತು ಹಾಹಾ ಅಂತ ನಗುವ ಕೂಟಗಳಿಗೆ ನಾನು ಏನೂ ಹೇಳುವುದಿಲ್ಲ, ನೀವೇ ಯೋಚಿಸಿ.

ಹಾಗಂತ ಚಹಾ ಬಿಡಿ ಅಂದರೆ ಗುಂಪೇ ಬಿಡುತ್ತದೆ. ಪಾರ್ಸೆಲ್ ತೆಗೆದುಕೊಂಡು ಮೈದಾನದ ಅಂಚಿನಲ್ಲಿ ಮರಕ್ಕೊಬ್ಬರಂತೆ ಕೂರಿ. ಒಗ್ಗರಣೆ ಪೊಟ್ಟಣ ಒಬ್ಬರಿಗೊಂದು. ನೀರಿನ ಬಾಟಲಿ ಅವರವರದ್ದು, ಬಾಟಲಿ ಮೇಲೆ ಹೆಸರು. ಅಂಗಡಿಯೇ ಮುಚ್ಚಿದ್ದ ತಿಂಗಳುಗಳಲ್ಲಿ ಅಂಗಡಿಯವರನ್ನೂ ಹಾಜರಿ ಪಟ್ಟಿಗೆ ಸೇರಿಸಿ. ತಿಂಗಳಿಗೆ ಎಷ್ಟು ಚಹಾ ಕುಡಿಯುತ್ತಿದ್ದಿರೋ ಅದರ ಅರ್ಧ ದುಡ್ಡನ್ನು ಮುಂಗಡ ಅಂತ ಕೊಡಿ. ದಾನ ಅಂದರೆ ಅವರು ತೆಗೆದುಕೊಳ್ಳುವುದಿಲ್ಲ, ಮುಂಗಡ ಅಂದರೆ ತೆಗೆದುಕೊಳ್ಳುತ್ತಾರೆ.

ಏಳನೇ ಹಂತ: "ಹುಷಾರಿಲ್ಲ" ಅಂದಾಗ

ಯಾರಾದರೂ ಹಾಗೆ ಬರೆದರೆ ಗ್ರೂಪಿನಲ್ಲಿ ನಲವತ್ತು ಕೈಮುಗಿದ ಚಿತ್ರ ಬೇಡ. ಜೋಡಿಯವರು ಮತ್ತು ಪಟ್ಟಿ ಇಟ್ಟವರು ಇಬ್ಬರೇ ಫೋನ್ ಮಾಡಲಿ. ಕೇಳಬೇಕಾದದ್ದು: ಯಾವತ್ತಿನಿಂದ, ಜ್ವರ ಎಷ್ಟು, ಉಸಿರಿಗೆ ತೊಂದರೆ ಇದೆಯಾ, ಕಳೆದ ನಾಲ್ಕು ದಿನ ಯಾರ ಜೊತೆ ನಡೆದಿರಿ. ಆ ಬ್ಯಾಚನ್ನು ಮನೆಯಲ್ಲಿ ಕೂರಿಸಿ. ರೋಗಿಯ ಹೆಸರು ಗುಂಪಿಗೆ ಹೇಳುವುದು ಅವರು ಒಪ್ಪಿದರೆ ಮಾತ್ರ. "ಎರಡನೇ ಬ್ಯಾಚು ಎರಡು ವಾರ ರಜಾ" ಅಂದರೆ ಸಾಕು. ಸಲಹೆ ಬೇಕಾದರೆ 104 ಆರೋಗ್ಯ ಸಹಾಯವಾಣಿ, ಆಂಬುಲೆನ್ಸಿಗೆ 108.

ಗುಂಪಿನ ದುಡ್ಡಿನಲ್ಲಿ ಎರಡು ಪಲ್ಸ್ ಆಕ್ಸಿಮೀಟರ್ ಕೊಂಡಿಡಿ. ಬೇಕಾದಾಗ ಅಂಗಡಿಯಲ್ಲಿ ಸಿಗುವುದಿಲ್ಲ, ಸಿಕ್ಕರೂ ದುಬಾರಿ, ಅದನ್ನು 2021ರಲ್ಲಿ ಎಲ್ಲರೂ ನೋಡಿದ್ದೇವೆ. ನೋಡುವ ಕ್ರಮ ಹೀಗೆ: ಐದು ನಿಮಿಷ ಸುಮ್ನೆ ಕೂರಿ. ಬೆರಳಿಗೆ ಗೋರಂಟಿ, ನೇಲ್ ಪಾಲಿಶ್ ಇರಬಾರದು, ಕೈ ತಣ್ಣಗಿರಬಾರದು. ನಡುಬೆರಳಿಗೆ ಹಾಕಿ, ಅಂಕಿ ನಿಲ್ಲುವವರೆಗೆ ಕಾಯಿರಿ, ಬರೆದುಕೊಳ್ಳಿ. ಕೋವಿಡ್ ರೋಗಿಗಳಿಗೆ 94ಕ್ಕಿಂತ ಕೆಳಗೆ ಬಂದರೆ ಡಾಕ್ಟರ ಹತ್ತಿರ ಹೋಗಿ ಅನ್ನುತ್ತಿದ್ದರು. ಕೂತಾಗ ಸರಿಯಿದ್ದು ಒಳಗೆ ಕೆಡುತ್ತಿದ್ದವರನ್ನು ಹಿಡಿಯಲು ಆರು ನಿಮಿಷದ ನಡಿಗೆ ಪರೀಕ್ಷೆಯಿತ್ತು. ಮನೆಯೊಳಗೇ ಸಮತಟ್ಟು ನೆಲದಲ್ಲಿ ಆರು ನಿಮಿಷ ನಡೆದು ನೋಡುವುದು. ಅಂಕಿ 94ಕ್ಕಿಂತ ಕೆಳಗಿಳಿದರೆ ಅಥವಾ ಮೊದಲಿಗಿಂತ ನಾಲ್ಕು ಕಡಿಮೆಯಾದರೆ ಆಸ್ಪತ್ರೆ. ಆಸ್ತಮಾ ಇರುವವರು, ಕೂತಲ್ಲೇ ಏದುಸಿರು ಬಿಡುವವರು ಇದನ್ನು ಮಾಡಬಾರದು. ಒಬ್ಬರೇ ಇದ್ದಾಗಲೂ ಬೇಡ. ಯಂತ್ರ ವಾಪಸು ಬಂದ ಮೇಲೆ ಸ್ಪಿರಿಟ್ ಹತ್ತಿಯಿಂದ ಒರೆಸಿ, ಸೆಲ್ ತೆಗೆದು ಇಡಿ.

ಊಟದ ಡಬ್ಬಿ ಬಾಗಿಲಲ್ಲಿಟ್ಟು ಬೆಲ್ ಒತ್ತಿ ಬನ್ನಿ. ನೋಡಲು ಒಳಗೆ ಹೋಗುವುದು ಪ್ರೀತಿಯಲ್ಲ.

ಎಂಟನೇ ಹಂತ: ಮತ್ತೆ ಓಡುವುದು

ವೇಗವಾಗಿ ಓಡುವವರೇ ಅತಿ ಕೆಟ್ಟ ರೋಗಿಗಳು. ಜ್ವರ ಬಿಟ್ಟ ಮರುದಿನ ಶೂ ಹುಡುಕುತ್ತಾರೆ. ಸೋಂಕು ಹೃದಯದ ಸ್ನಾಯುವಿಗೂ ಬಾವು ತರಬಹುದು. ಆಗ ಜೋರು ಓಟ ಜೀವಕ್ಕೇ ಕುತ್ತು. ಆಸ್ಪತ್ರೆ ಸೇರಿದ್ದವರು, ಎದೆನೋವು ಬಂದಿದ್ದವರು, ಮೊದಲೇ ಹಾರ್ಟಿನ ತೊಂದರೆ ಇದ್ದವರು ಡಾಕ್ಟರು ಹೇಳುವವರೆಗೆ ಹೊರಡಬಾರದು. ಮನೆಯಲ್ಲೇ ಸಣ್ಣಗೆ ಬಂದು ಹೋದವರಿಗೆ ನಾವು ಇಟ್ಟುಕೊಂಡ ಕ್ರಮ: ಲಕ್ಷಣ ಶುರುವಾದ ದಿನದಿಂದ ಕನಿಷ್ಠ ಹತ್ತು ದಿನ ಪೂರ್ತಿ ವಿಶ್ರಾಂತಿ, ಅದರಲ್ಲಿ ಕೊನೆಯ ಏಳು ದಿನ ಯಾವ ಲಕ್ಷಣವೂ ಇರಬಾರದು. ಆಮೇಲೆ ಒಂದು ವಾರ ದಿನಾ ಹದಿನೈದು ನಿಮಿಷ ಹಗುರ ನಡಿಗೆ. ಎರಡನೇ ವಾರ ಅರ್ಧ ಗಂಟೆ. ಮೂರನೇ ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ನಾಲ್ಕನೇ ವಾರ ನಿಧಾನ ಓಟ. ಆಗಲೂ ಗಡಿಯಾರ ನೋಡುವಂತಿಲ್ಲ.

ಅಳತೆ ಮಾತಿನದ್ದು. ಜೋಡಿಯ ಜೊತೆ ಫೋನಿನಲ್ಲಿ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಮಾತು ತುಂಡಾದರೆ ವೇಗ ಜಾಸ್ತಿ. ಬೆಳಿಗ್ಗೆ ಏಳುವ ಮುಂಚೆ ನಾಡಿ ಎಣಿಸಿ. ನಿಮ್ಮ ಮಾಮೂಲಿಗಿಂತ ಹತ್ತು ಜಾಸ್ತಿ ಇದ್ದರೆ ಆ ದಿನ ರಜಾ. ಎದೆ ನೋವು, ಎದೆ ಡವಡವ, ತಲೆಸುತ್ತು ಬಂದರೆ ಅಲ್ಲೇ ನಿಂತು ಡಾಕ್ಟರ ಹತ್ತಿರ ಹೋಗಬೇಕು. ನಡೆದ ಮರುದಿನ ಇಡೀ ದಿನ ಹಾಸಿಗೆ ಬಿಟ್ಟು ಏಳಲಾಗದಷ್ಟು ಸುಸ್ತಾದರೆ ಒಂದು ವಾರ ಹಿಂದಕ್ಕೆ ಹೋಗಿ. ಬಳ್ಳಾರಿಯ ಬೇಸಿಗೆಯಲ್ಲಾದರೆ ಈ ನಾಲ್ಕು ವಾರವನ್ನು ಆರು ಮಾಡಿ. ಚೇತರಿಸಿಕೊಳ್ಳುವ ಮೈಗೆ ಬಿಸಿಲೂ ಒಂದು ಕೆಲಸ.

ಓಟದ ಸ್ಪರ್ಧೆ, ದುಡ್ಡು

ದೊಡ್ಡ ಓಟಗಳೇ ಮುಂದೆ ಹೋದವು. ಟೋಕಿಯೊ ಒಲಿಂಪಿಕ್ಸ್ 2021ಕ್ಕೆ ನಡೆಯಿತು. ಬೆಂಗಳೂರಿನ ಟಿಸಿಎಸ್ ವರ್ಲ್ಡ್ 10ಕೆ ಮೇ ತಿಂಗಳ ಬದಲು 2020ರ ಡಿಸೆಂಬರಿನಲ್ಲಿ ನಡೆದಾಗ ರಸ್ತೆಯಲ್ಲಿ ಓಡಿದ್ದು ಆಯ್ದ ಓಟಗಾರರು ಮಾತ್ರ, ಉಳಿದವರು ಅವರವರ ಊರಿನಲ್ಲಿ ಆ್ಯಪ್ ಹಚ್ಚಿಕೊಂಡು. ಇಂಥದ್ದಕ್ಕೆ ನಿಮ್ಮವರು ಹೆಸರು ಕೊಟ್ಟರೆ ಎಲ್ಲರೂ ಒಂದೇ ದಿನ, ಬೇರೆ ಬೇರೆ ದಾರಿಯಲ್ಲಿ ಓಡಲಿ. ಮುಗಿದ ಮೇಲೆ ಸಮಯ ಹಾಕಬಹುದು, ಅವತ್ತೊಂದು ದಿನ ವಿನಾಯಿತಿ.

ಚಂದಾ ಇದ್ದರೆ ಓಟ ನಿಂತ ತಿಂಗಳಿನಿಂದ ನಿಲ್ಲಿಸಿ, ಖಾತೆಯಲ್ಲಿ ಉಳಿದದ್ದೆಷ್ಟು ಅಂತ ಗ್ರೂಪಿಗೆ ಹೇಳಿ. ಆಕ್ಸಿಮೀಟರು, ಯಾರದ್ದೋ ಔಷಧ, ಮೈದಾನ ಗುಡಿಸುವವರಿಗೆ ಸ್ವಲ್ಪ, ಎಲ್ಲಕ್ಕೂ ರಸೀದಿ ಇಡಿ. ಕಷ್ಟ ಕಾಲದಲ್ಲಿ ಹುಟ್ಟಿದ ದುಡ್ಡಿನ ಅನುಮಾನ ಆಮೇಲೆ ಹೋಗುವುದಿಲ್ಲ.

ಒಂಬತ್ತನೇ ಹಂತ: ಮತ್ತೆ ಸೇರುವುದು

ಎಲ್ಲ ತೆರೆದ ಮೊದಲ ಭಾನುವಾರ ಹತ್ತು ಕಿಲೋಮೀಟರ್ ಇಡಬೇಡಿ. ಮೊದಲ ಒಂದು ತಿಂಗಳು ಎಲ್ಲರಿಗೂ ನಡಿಗೆ ಮಾತ್ರ, ಅತಿ ವೇಗದವರಿಗೂ. ಆಗ ಕಾಯಿಲೆಯಿಂದ ಎದ್ದವರು ಹಿಂದೆ ಉಳಿಯುವುದಿಲ್ಲ, ತೂಕ ಜಾಸ್ತಿಯಾದವರು ನಾಚುವುದಿಲ್ಲ. ಲಸಿಕೆ ಹಾಕಿಸಿಕೊಂಡ ದಿನ ಮತ್ತು ಮರುದಿನ ರಜಾ. 2021ರ ಮಾರ್ಚ್ ಒಂದರಿಂದ ಅರವತ್ತು ದಾಟಿದವರಿಗೆ ಲಸಿಕೆ ಶುರುವಾದಾಗ ಜೋಡಿಗಳೇ ಹಿರಿಯರನ್ನು ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಂತಿದ್ದು ನಮಗೆ ಬಹಳ ಅನುಕೂಲವಾಯಿತು. ಮೊಬೈಲಿನಲ್ಲಿ ನೋಂದಣಿ ಮಾಡುವುದು ಅವರಿಗೆ ಬರುತ್ತಿರಲಿಲ್ಲ.

ಕೆಲವರು ತೀರಿಕೊಂಡಿರುತ್ತಾರೆ. ಗ್ರೂಪಿನಿಂದ ಅವರ ನಂಬರು ತೆಗೆಯುವ ಮುಂಚೆ ಮನೆಯವರನ್ನು ಕೇಳಿ. ಎಷ್ಟೋ ಸಲ ಆ ಫೋನು ಮಗಳ ಕೈಯಲ್ಲಿರುತ್ತದೆ, ಅಪ್ಪ ಯಾರ ಜೊತೆ ನಡೆಯುತ್ತಿದ್ದರು ಅಂತ ಅವಳು ನೋಡುತ್ತಿರುತ್ತಾಳೆ. ಅವರ ಜೋಡಿಗೆ ಹೊಸ ಜೋಡಿಯನ್ನು ಮರುದಿನವೇ ಹಾಕಬೇಡಿ. ಕೆಲ ದಿನ ಪಟ್ಟಿ ಇಟ್ಟವರೇ ಅವರಿಗೆ ಫೋನ್ ಮಾಡಲಿ.

ಇನ್ನು ಕೆಲವರು ಬದುಕಿದ್ದೂ ಬರುವುದಿಲ್ಲ. ಒಬ್ಬರಿಗೆ ಅಂಗಡಿ ಮುಚ್ಚಿ ಬೇರೆ ಕೆಲಸ, ಬೆಳಿಗ್ಗೆ ಐದಕ್ಕೆ ಹಾಲು ಹಾಕಬೇಕು. ಇನ್ನೊಬ್ಬರಿಗೆ ಜೀನ್ಸ್ ಘಟಕದಲ್ಲಿ ರಾತ್ರಿ ಪಾಳಿ. ಮತ್ತೊಬ್ಬರಿಗೆ ಹೊರಗೆ ಬರಲು ಇನ್ನೂ ಭಯ. ಇವರನ್ನು ಪಟ್ಟಿಯಿಂದ ತೆಗೆಯದೆ ಆರು ತಿಂಗಳು ಹಾಜರಿ ಕೇಳುತ್ತಿರಿ. ನಾಲ್ಕು ಜನ ಸಿಕ್ಕರೆ ಸಂಜೆ ಏಳರ ಬ್ಯಾಚು ಶುರು ಮಾಡಿ. ರಾತ್ರಿ ಪಾಳಿಯವರಿಗೆ ಡ್ಯೂಟಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲೇ ಅರ್ಧ ಗಂಟೆ ನಡೆಯುವ ಜೋಡಿ ಹುಡುಕಿ. ಅವರ "ಆಯ್ತು" ಬೆಳಿಗ್ಗೆ ಎಂಟೂವರೆಗೆ ಬಂದರೂ ಹಾಜರಿಗೆ ಹಾಕಿಕೊಳ್ಳಿ.